ಹಿತ್ತಲ ಮರ ಯಾರದು?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ಹತ್ತಿರದಲ್ಲಿರುವುದರ ಬೆಲೆಯನ್ನು ಅರಿಯದವರನ್ನು ಕುರಿತು ಹೇಳುವುದು ವಾಡಿಕೆ. ಹಿರಿಯರು ಈ ಗಾದೆಯನ್ನು ಕಟ್ಟಿದ ಕಾಲಕ್ಕೆ ಹಳ್ಳಿಯ ಮನೆಯೆಂದರೆ ಹಿಂದೆ ಹಿತ್ತಲಿತ್ತು, ಹಿತ್ತಲೆಂದರೆ ಅದರಲ್ಲಿ ಗಿಡವಿತ್ತು. ಬೆಲೆ ತಿಳಿಯದಿದ್ದರೂ ವಸ್ತುವಿತ್ತು. ಇಂದು ಬೆಂಗಳೂರಿನ ಸುತ್ತಲಿನ ಊರುಗಳಲ್ಲಿ ಹಿತ್ತಲಿನ ಬೆಲೆಯನ್ನು ಚದರಡಿಯ ಲೆಕ್ಕದಲ್ಲಿ ಚಿಕ್ಕ ಮಕ್ಕಳೂ ಹೇಳಬಲ್ಲರು. ಗಿಡಮರಗಳು ಮಾತ್ರ ವರ್ಷದಿಂದ ವರ್ಷಕ್ಕೆ ಕಾಣೆಯಾಗುತ್ತಿವೆ.

ದೇವನಹಳ್ಳಿ ತಾಲ್ಲೂಕಿನ ಬೂದಿಗೆರೆ ಇಂಥದೊಂದು ಊರು. (ಬೂದಿ ಎಂದೊಡನೆ ನಮ್ಮ ಓದುಗರಿಗೆ ವಿಭೂತಿಯ ನೆನಪಾಗುವುದು ಸಹಜ. ಮರ ಕಡಿದು ಸುಟ್ಟರೆ ಉಳಿಯುವುದೂ ಬೂದಿಯೇ.) ೨೦೦೮ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾಯಿತು. ಒಂದು ಕಡೆ ಆ ನಿಲ್ದಾಣ, ಇನ್ನೊಂದು ಕಡೆ ಹಳೆಯ ಮದ್ರಾಸು ರಸ್ತೆ, ಇವೆರಡರ ನಡುವೆ ಬೂದಿಗೆರೆಯ ದಾರಿ. ರಾಗಿಯ ಹೊಲಗಳು ಬಡಾವಣೆಗಳಾದವು. ಊರೊಳಗಿನ ಹಿತ್ತಲುಗಳು ನಿವೇಶನಗಳಾದವು. ಹೊಲ ಹೋದದ್ದು ಎಲ್ಲರ ಕಣ್ಣಿಗೆ ಬಿತ್ತು. ಹಿತ್ತಲು ಹೋದದ್ದು ಗೋಡೆಯ ಹಿಂದೆ ನಡೆದ ವ್ಯವಹಾರವಾದ್ದರಿಂದ ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ಆ ಕಡೆಯ ನಮ್ಮ ಓದುಗರೊಬ್ಬರು ಈಚೆಗೆ ಒಂದು ಪ್ರಶ್ನೆಯನ್ನು ಕಳುಹಿಸಿದ್ದಾರೆ. ಅವರ ನೆರೆಮನೆಯ ಹಿತ್ತಲಲ್ಲಿ ಅಜ್ಜಂದಿರ ಕಾಲದ ಒಂದು ಹುಣಸೆಮರವೂ ಎರಡು ಹೊಂಗೆಮರಗಳೂ ಇವೆ. ಅಣ್ಣತಮ್ಮಂದಿರು ಪಾಲಾಗುತ್ತಿದ್ದಾರೆ. ಮರ ಕೊಯ್ಯುವವರು ಬಂದು ಅಳತೆ ನೋಡಿಕೊಂಡು ಹೋಗಿದ್ದಾರೆ. ಬೀದಿಯ ನಾಲ್ಕು ಮಂದಿ ಸೇರಿ ಬೇಡವೆಂದು ಹೇಳಿದರೆ ಬಂದ ಉತ್ತರ, ‘ನಮ್ಮ ನೆಲ, ನಮ್ಮ ಮರ, ನಿಮಗೇನು ಸಂಬಂಧ?’ ಓದುಗರು ಕೇಳಿರುವುದು ಇಷ್ಟೇ: ನಿಜವಾಗಿಯೂ ನಮಗೇನೂ ಸಂಬಂಧವಿಲ್ಲವೇ?

ಪ್ರಶ್ನೆ ಚಿಕ್ಕದು, ಆದರೆ ಕಠಿನವಾದದ್ದು. ಕಠಿನವೇಕೆಂದರೆ, ರಸ್ತೆಯ ಮರಕ್ಕಾಗಿ ಹೋರಾಡುವುದಕ್ಕೂ ಹಿತ್ತಲ ಮರಕ್ಕಾಗಿ ಮಾತಾಡುವುದಕ್ಕೂ ಬಹಳ ಅಂತರವಿದೆ. ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ, ಇದೇ ವಿಮಾನ ನಿಲ್ದಾಣದ ದಾರಿಗೆಂದು, ೬.೭ ಕಿಲೋಮೀಟರು ಉದ್ದದ ಉಕ್ಕಿನ ಸೇತುವೆಯನ್ನು ಕಟ್ಟಲು ಸರಕಾರ ಹೊರಟಿತ್ತು. ಅದಕ್ಕಾಗಿ ೮೧೨ ಮರಗಳು ಹೋಗಬೇಕೆಂಬ ಲೆಕ್ಕ ಹೊರಬಿತ್ತು. ೨೦೧೬ರ ಅಕ್ಟೋಬರ್ ೧೬ರಂದು ಸಾವಿರಾರು ಮಂದಿ ರಸ್ತೆಯುದ್ದಕ್ಕೂ ಕೈಕೈ ಹಿಡಿದು ನಿಂತರು. ೨೦೧೭ರ ಮಾರ್ಚ್ ತಿಂಗಳಲ್ಲಿ ಸರಕಾರ ಆ ಯೋಜನೆಯನ್ನು ಕೈಬಿಟ್ಟಿತು. ಅಲ್ಲಿ ಎದುರಾಳಿ ಸರಕಾರ. ಸರಕಾರಕ್ಕೆ ಮುಖವಿಲ್ಲ, ಅದು ನಾಳೆ ನಮ್ಮ ಮನೆಯ ಮದುವೆಗೆ ಬರುವುದಿಲ್ಲ. ಹಿತ್ತಲ ಮರದ ವಿಷಯದಲ್ಲಿ ಎದುರಿಗೆ ನಿಲ್ಲುವವನು ನೆರೆಯವನು, ಬಹಳ ಸಲ ದಾಯಾದಿ, ಕೆಲವು ಸಲ ಬೀಗ. ಮಾತು ಒಂದು ಹೆಚ್ಚಾದರೆ ಎರಡು ಮನೆಗಳ ನಡುವೆ ಹತ್ತು ವರ್ಷದ ಮೌನ. ಆದ್ದರಿಂದಲೇ ಎಷ್ಟೋ ಸಜ್ಜನರು ಗರಗಸದ ಸದ್ದು ಕೇಳಿ ಕಿಟಕಿ ಮುಚ್ಚಿಕೊಂಡು ಸುಮ್ಮನಾಗುತ್ತಾರೆ. ಅವರನ್ನು ಹೇಡಿಗಳೆಂದು ಕರೆಯಲು ನಮ್ಮ ಮನಸ್ಸು ಒಪ್ಪುವುದಿಲ್ಲ.

ಬೂದಿಗೆರೆಯ ಆಸುಪಾಸಿನವರಿಗೆ ವಿರೋಧದ ಅನುಭವವಿಲ್ಲವೆಂದಲ್ಲ. ಅದೇ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ ೧೩ ಹಳ್ಳಿಗಳ ೧,೭೭೭ ಎಕರೆ ಭೂಮಿಯನ್ನು ಕೈಗಾರಿಕೆಗೆಂದು ಸ್ವಾಧೀನಪಡಿಸಿಕೊಳ್ಳಲು ಹೊರಟಾಗ, ರೈತರು ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತು, ೨೦೨೫ರ ಜುಲೈ ೧೫ರಂದು ಅಂದಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರಿಂದ ಸ್ವಾಧೀನ ಕೈಬಿಡುವ ಘೋಷಣೆಯನ್ನು ಪಡೆದರು. ಆದರೆ ಆ ಘೋಷಣೆಯಲ್ಲಿಯೇ ಒಂದು ಮಾತಿತ್ತು: ತಾವಾಗಿ ಕೊಡಲು ಬಂದವರ ಭೂಮಿಯನ್ನು ತೆಗೆದುಕೊಳ್ಳಬಹುದು. ಧರಣಿಯಿಂದ ಬಲವಂತವನ್ನು ತಡೆಯಬಹುದು. ತಾನಾಗಿ ಮಾರುವವನನ್ನು, ತಾನಾಗಿ ಕಡಿಯುವವನನ್ನು ಯಾವ ಧರಣಿಯಿಂದ ತಡೆಯೋಣ?

ಇಲ್ಲಿ ‘ಸಂಬಂಧ’ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡಬೇಕು.

ಹಿತ್ತಲ ಮರದ ಬುಡ ಒಬ್ಬರ ನೆಲದಲ್ಲಿದೆ, ನಿಜ. ಆದರೆ ಯುಗಾದಿಯ ಬೆಳಗ್ಗೆ ಬೇವಿನ ಹೂವನ್ನು ಹಳ್ಳಿಯಲ್ಲಿ ಯಾರು ಕೊಂಡು ತರುತ್ತಿದ್ದರು? ಮದುವೆಯ ಮನೆಯ ತೋರಣಕ್ಕೆ ಮಾವಿನ ಎಲೆ ಎಲ್ಲಿಂದ ಬರುತ್ತಿತ್ತು? ಬೇರೆಯವರ ಹಿತ್ತಲಿನಿಂದ, ಬಹಳ ವೇಳೆ ಕೇಳದೆಯೇ. ಹಲಸಿನ ಹಣ್ಣಂತೂ ಒಂದು ಮನೆಯವರು ಒಂದೇ ದಿನ ತಿಂದು ಮುಗಿಸುವಂಥದಲ್ಲ. ಕೊಯ್ದ ದಿನ ಬೀದಿಗೆಲ್ಲ ತೊಳೆ ಹೋಗಲೇಬೇಕು. (ದೊಡ್ಡಬಳ್ಳಾಪುರದ ತೂಬುಗೆರೆಯ ಹಲಸಿಗೆ ಹೆಸರು ಬಂದದ್ದು ಹೀಗೆ ಹಂಚಿ ತಿಂದವರ ಬಾಯಿಂದಲೇ ಇರಬೇಕು.) ಇಷ್ಟಲಿಂಗ ಪೂಜೆಯ ಪತ್ರೆಗೂ ಇದೇ ಕ್ರಮ. ಬಿಲ್ವದ ಮರ ಇದ್ದ ಮನೆಗೆ ಇಲ್ಲದ ಮನೆಯ ಹುಡುಗರು ಬೆಳಗಿನ ಜಾವ ಬುಟ್ಟಿ ಹಿಡಿದು ಹೋಗುತ್ತಿದ್ದರು. ನಾವು ಮಠದಲ್ಲಿ ಓದುತ್ತಿದ್ದಾಗ ಪತ್ರೆ ತರಲು ಹೋಗುವವರಿಗೆ ಒಂದೇ ಕಟ್ಟಪ್ಪಣೆ, ಬೇಕಾದಷ್ಟು ಎಲೆ ಬಿಡಿಸಿರಿ, ಕೊಂಬೆ ಮುರಿಯಬೇಡಿರಿ. ಹೊಂಗೆ ಚೈತ್ರದಲ್ಲಿ ಚಿಗುರಿ ಹೂ ಸುರಿಸಿದರೆ ಜೇನು ಊರಿಗೆಲ್ಲ. ಅದರ ಎಣ್ಣೆ ದೀಪಕ್ಕೆ, ಹಿಂಡಿ ಹೊಲಕ್ಕೆ, ಸೊಪ್ಪು ಗೊಬ್ಬರಕ್ಕೆ. ಇನ್ನು ನೆರಳು ಗೋಡೆಯನ್ನು ಲೆಕ್ಕಿಸುವುದಿಲ್ಲ. ಮಧ್ಯಾಹ್ನ ಮೂರು ಗಂಟೆಯ ನೆರಳು ಬೀಳುವುದು ನೆರೆಯವರ ಮಾಡಿನ ಮೇಲೆಯೇ.

ಆದುದರಿಂದ ‘ಏನೂ ಸಂಬಂಧವಿಲ್ಲ’ ಎಂಬುದು ಅರ್ಧ ಸತ್ಯ. ನಮ್ಮ ಹಿಂದಿನ ಭೂವ್ಯವಹಾರಗಳೂ ಮರವನ್ನು ಮಣ್ಣಿನ ಒಂದು ಗುಲಗಂಜಿ ಎಂದು ಬಗೆಯಲಿಲ್ಲ. ಗಂಗರ ತಾಮ್ರಶಾಸನಗಳಲ್ಲಿ ದತ್ತಿಯ ಭೂಮಿಗೆ ಎಲ್ಲೆ ಹೇಳುವಾಗ ಕೆರೆ, ಬಂಡೆ, ಹುತ್ತಗಳ ಜೊತೆಗೆ ಹೆಸರಿಟ್ಟು ಮರಗಳನ್ನು ಹೇಳುತ್ತಾರೆ. ಎಲ್ಲೆಯ ಮರ ಎರಡು ಕಡೆಯವರಿಗೂ ಸಾಕ್ಷಿ. ಅದನ್ನು ಕಡಿದವನು ತನ್ನ ಪ್ರಮಾಣವನ್ನೇ ಕಡಿದಂತೆ. ನಮ್ಮ ಕಂದಾಯದ ಭಾಷೆಯಲ್ಲಿ ‘ಮರಮಾಲ್ಕಿ’ ಎಂಬ ಪದ ಇಂದಿಗೂ ಬಳಕೆಯಲ್ಲಿದೆ. ನೆಲದ ಬೆಲೆ ಬೇರೆ, ಮರಮಾಲ್ಕಿ ಬೇರೆ ಎಂದು ಬರೆಯುವ ಪದ್ಧತಿಯಿದೆಯೆಂದರೆ, ನೆಲ ಕೈ ಬದಲಾದರೂ ಮರದ ವಿಚಾರವನ್ನು ಪ್ರತ್ಯೇಕವಾಗಿ ಯೋಚಿಸಬೇಕೆಂಬ ತಿಳಿವಳಿಕೆ ಇತ್ತು.

ಇದಕ್ಕೆ ಕಣ್ಣೆದುರಿನ ಸಾಕ್ಷಿ ಬೇಕಾದವರು ದೇವನಹಳ್ಳಿ ತಾಲ್ಲೂಕಿನಲ್ಲಿಯೇ ಇರುವ ನಲ್ಲೂರಿಗೆ ಹೋಗಿಬರಬೇಕು. ಅಲ್ಲಿ ೫೪ ಎಕರೆಯ ಹುಣಸೆಯ ತೋಪಿದೆ. ಸುಮಾರು ೩೦೦ ಮರಗಳು; ಕೆಲವಕ್ಕೆ ನಾಲ್ಕು ಶತಮಾನ ಮೀರಿದೆಯೆಂದು ತಿಳಿದವರ ಅಂದಾಜು. ಬೊಡ್ಡೆ ಟೊಳ್ಳಾಗಿ, ಒಳಗೆ ಮನುಷ್ಯ ನಿಲ್ಲುವಷ್ಟು ಪೊಟರೆಯಾಗಿದ್ದರೂ ತಲೆಯಲ್ಲಿ ಹಸಿರು ತುಂಬಿಕೊಂಡ ಮರಗಳು. ೨೦೦೭ರಲ್ಲಿ ಈ ತೋಪನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಲಾಯಿತು. ಇಡೀ ದೇಶದಲ್ಲಿ ಆ ಮನ್ನಣೆ ಪಡೆದ ಮೊದಲ ತಾಣ ಇದು. ಶತಮಾನಗಳ ಕಾಲ ಇದು ಉಳಿದು ಬಂದುದು ಹೇಗೆ? ಘೋಷಣೆಯಿಂದಲ್ಲ, ಅದು ನಿನ್ನೆ ಮೊನ್ನೆಯದು. ತೋಪು ಊರಿನದು, ಅದರೊಳಗೆ ದೇವರ ಗುಡಿಯಿದೆ, ಯಾರೊಬ್ಬರ ಪಾಲುಪಟ್ಟಿಗೂ ಅದು ಸೇರಲಿಲ್ಲ. ಪಾಲಿಗೆ ಬರದ್ದು ಉಳಿಯಿತು, ಪಾಲಿಗೆ ಬಂದದ್ದು ಹೋಯಿತು. ಹುಣಸೆಯಲ್ಲಿ ದೆವ್ವವಿದೆಯೆಂಬ ಭಯವೂ ಒಂದು ಕಾಲಕ್ಕೆ ಮರಗಳನ್ನು ಕಾಯುತ್ತಿತ್ತು. ಆ ಭಯ ಹೋಗಿದೆ, ಒಳ್ಳೆಯದೇ. ಕಾನೂನಿನ ಭಯ ಅದರ ಜಾಗಕ್ಕೆ ಇನ್ನೂ ಬಂದಿಲ್ಲ.

ಇಲ್ಲೊಂದು ಸಣ್ಣ ಮಾತು. ಹುಣಸೆಯ ಮೂಲ ಆಫ್ರಿಕಾ ಖಂಡವೆಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ಹಾಗಿದ್ದರೆ ಅದು ನಾಡಮರವೇ ಎಂದು ಕೇಳುವ ಜಾಣರುಂಟು. ನಮ್ಮ ಸಾರಿನಲ್ಲಿ, ನಮ್ಮ ಗಾದೆಗಳಲ್ಲಿ, ನಮ್ಮ ಊರ ಹೆಸರುಗಳಲ್ಲಿ ಇಷ್ಟು ಕಾಲ ಬೇರೂರಿದ ಮೇಲೆ ಅದಕ್ಕೆ ಪರದೇಶಿಯೆಂಬ ಹೆಸರು ಸಲ್ಲದು. ದೇವನಹಳ್ಳಿಯ ಚಕ್ಕೋತವೂ ಹಾಗೆಯೇ: ಅದರ ಕುಲದ ಮೂಲ ಪೂರ್ವದ ದೇಶಗಳಲ್ಲಿದ್ದರೂ ಈ ಸೀಮೆಯ ಹಿತ್ತಲುಗಳಲ್ಲಿ ಬೆಳೆದು ತನ್ನದೇ ರುಚಿ ಪಡೆದು, ಭೌಗೋಳಿಕ ಸೂಚಕದ ಮಾನ್ಯತೆಯನ್ನೂ ಪಡೆಯಿತು. ವಿಮಾನ ನಿಲ್ದಾಣದ ಸೀಮೆಯಲ್ಲಿ ತೋಟ ಹಿತ್ತಲುಗಳು ಹೋದಂತೆ ಆ ಮರವೂ ವಿರಳವಾಗುತ್ತಿದೆ. ಬೇರೆ ಬಗೆಯ ಪರದೇಶಿಗಳೂ ಇವೆ. ಈ ಜಿಲ್ಲೆಯ ಹೊಲಗಳಲ್ಲಿ ನೀಲಗಿರಿ ಹಾಕಿ ನೀರನ್ನೆಲ್ಲ ಅದಕ್ಕೆ ಕುಡಿಸಿದ್ದಾಯಿತು. ೨೦೧೭ರಲ್ಲಿ ಸರಕಾರವೇ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಹಿತ್ತಲ ಹೊಂಗೆಗಾಗಿ ಎತ್ತಿದ ದನಿಯನ್ನು ನೀಲಗಿರಿಗಾಗಿ ಎತ್ತಬೇಕಾಗಿಲ್ಲ.

ಕಾನೂನು ಕೂಡ ಈ ಭೇದವನ್ನು ಬಲ್ಲದು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಪ್ರಕಾರ ಸ್ವಂತ ನೆಲದ ಮರವನ್ನಾದರೂ ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮೊದಲಾದ ಕೆಲವಕ್ಕೆ ವಿನಾಯಿತಿಯಿದೆ. ಆ ಪಟ್ಟಿ ಮುಂದೆ ತಿದ್ದುಪಡಿಯಲ್ಲಿ ಬೆಳೆದಿರುವುದರಿಂದ, ಮರದ ಹೆಸರನ್ನು ಹೇಳಿ ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಲೇಸು. ಮರ ಸತ್ತಿದ್ದರೆ, ರೋಗ ತಗುಲಿದ್ದರೆ, ಗಾಳಿಗೆ ಉರುಳಿದ್ದರೆ, ಜೀವಕ್ಕೋ ಆಸ್ತಿಗೋ ಅಪಾಯವಾಗಿದ್ದರೆ ಅನುಮತಿಯನ್ನು ನಿರಾಕರಿಸುವಂತಿಲ್ಲ. ಕಡಿದವರು ಬದಲಿಗೆ ಗಿಡ ನೆಡಬೇಕು. ಇಷ್ಟೆಲ್ಲ ಸರಿ. ಆದರೆ ಒಂದು ಕೊರತೆಯಿದೆ. ಸಾರ್ವಜನಿಕ ಕಾಮಗಾರಿಗಾಗಿ ೫೦ಕ್ಕಿಂತ ಹೆಚ್ಚು ಮರಗಳನ್ನು ತೆಗೆಯುವಾಗ ಪ್ರಕಟಣೆ ಹೊರಡಿಸಿ ಜನರ ಆಕ್ಷೇಪಣೆಯನ್ನು ಕೇಳಬೇಕೆಂಬ ವಿಧಿಯಿದೆ; ಹಿತ್ತಲ ಒಂದು ಮರಕ್ಕೆ ಅಂಥ ಪ್ರಕಟಣೆಯಿಲ್ಲ. ನೆರೆಮನೆಗೆ ತಿಳಿಯುವುದು ಗರಗಸದ ಸದ್ದಿನಿಂದಲೇ. ಆ ಹೊತ್ತಿಗೆ ಹೋಗಿ ಕೂಗಾಡಿದರೆ ಜಗಳ ಉಳಿಯುತ್ತದೆ, ಮರ ಉಳಿಯುವುದಿಲ್ಲ.

ಹಾಗಾದರೆ ದನಿಯೆತ್ತುವ ಹಕ್ಕು ಬರುವುದೆಲ್ಲಿಂದ? ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರನ್ನು ನೆನೆಯೋಣ. ಅವರು ತಮ್ಮ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಬದಿಗೆ ಆಲದ ಸಸಿಗಳನ್ನು ನೆಟ್ಟು, ಕೊಡದಲ್ಲಿ ನೀರು ಹೊತ್ತು, ದನಕರುಗಳು ಬಾಯಿ ಹಾಕದಂತೆ ಮುಳ್ಳು ಕಟ್ಟಿ, ೩೮೫ ಮರಗಳನ್ನು ಬೆಳೆಸಿದರು. ೨೦೧೯ರಲ್ಲಿ, ಅವರಿಗೆ ಪದ್ಮಶ್ರೀ ಬಂದ ವರ್ಷವೇ, ಬಾಗೇಪಲ್ಲಿ–ಹಲಗೂರು ರಸ್ತೆಯ ಅಗಲೀಕರಣಕ್ಕೆ ಆ ಮರಗಳು ಬಲಿಯಾಗುವ ಪ್ರಸಂಗ ಬಂತು. ನೂರು ದಾಟಿದ ಆ ತಾಯಿ ಅಂದಿನ ಮುಖ್ಯಮಂತ್ರಿಗಳಲ್ಲಿ ಮರಗಳನ್ನು ಉಳಿಸಿರೆಂದು ಮೊರೆಯಿಟ್ಟರು. ಬೇರೆ ದಾರಿ ನೋಡುವೆವೆಂದು ಸರಕಾರ ಹೇಳಬೇಕಾಯಿತು. ೨೦೨೫ರ ನವೆಂಬರ್ ೧೪ರಂದು ಅವರು ತಮ್ಮ ೧೧೪ನೆಯ ವಯಸ್ಸಿನಲ್ಲಿ ತೀರಿಕೊಂಡರು. ಆ ನೆಲದಲ್ಲಿ ಒಂದು ಗೇಣೂ ಅವರ ಹೆಸರಿನಲ್ಲಿರಲಿಲ್ಲ. ಆದರೂ ‘ನಿಮಗೇನು ಸಂಬಂಧ’ ಎಂದು ಅವರನ್ನು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಖಾತೆ ಪಹಣಿಯಿಂದ ಬಾರದ ಅಧಿಕಾರ ಹೊತ್ತ ನೀರಿನಿಂದ ಬಂದಿತ್ತು.

ಹಿತ್ತಲ ಮರವನ್ನು ಕಡಿಯಬೇಡಿರೆನ್ನುವವರು ತಮ್ಮನ್ನು ತಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಇಲ್ಲಿದೆ. ನೆರಳನ್ನು ನಾವು ಪಡೆದೆವು. ಉದುರಿದ ಎಲೆಯನ್ನು ಗುಡಿಸಿದವರಾರು? ಆ ಮನೆಯ ಸೊಸೆ. ಕೊಂಬೆ ಬಿದ್ದು ಹೆಂಚು ಒಡೆದಾಗ ಹಣ ಕೊಟ್ಟವರಾರು? ಬೇರು ಚರಂಡಿಗೆ ನುಗ್ಗಿದಾಗ ಅಗೆಸಿದವರಾರು? ಮಳೆಗಾಲದ ರಾತ್ರಿ ಗಾಳಿ ಎದ್ದಾಗ ನಿದ್ದೆಗೆಟ್ಟವರಾರು? ಎಷ್ಟೋ ಊರುಗಳಲ್ಲಿ ಬೀದಿಯವರು ಕಡಿಯುವ ದಿನ ಮಾತ್ರ ವೃಕ್ಷಪ್ರೇಮಿಗಳಾಗುತ್ತಾರೆ. ಹಿಂದಿನ ವರ್ಷ ‘ನಿಮ್ಮ ಮರದ ಕಸ ನಮ್ಮ ಅಂಗಳಕ್ಕೆ ಬೀಳುತ್ತದೆ’ ಎಂದು ರಂಪ ಮಾಡಿದವರೂ ಅವರೇ. ಇಂಥವರ ಮಾತಿಗೆ ಮನೆಯ ಯಜಮಾನ ಕಿವಿಗೊಡದಿದ್ದರೆ ತಪ್ಪು ಯಾರದು? ವರ್ಷಕ್ಕೊಮ್ಮೆ ಒಣಕೊಂಬೆಯನ್ನು ಬಲ್ಲವರಿಂದ ತೆಗೆಸುವ ಕೂಲಿಯನ್ನು ನಾಲ್ಕು ಮನೆಯವರು ಹಂಚಿಕೊಂಡರೆ ತಲೆಗೆ ಬೀಳುವುದು ಒಂದು ಹಬ್ಬದ ಸಿಹಿಯ ಖರ್ಚು. ಅದನ್ನು ಕೊಡಲು ಸಿದ್ಧರಿರುವವರು ಮಾತಾಡಲಿ.

ಮನೆಯವರ ಕಡೆಗೂ ಒಂದೆರಡು ಮಾತು. ಮಗಳ ಮದುವೆ, ಮಗನ ಓದು, ಆಸ್ಪತ್ರೆಯ ಸಾಲ ಇವು ಕಾಲ್ಪನಿಕವಲ್ಲ. ನಿವೇಶನ ಮಾಡದೆ ಗತಿಯಿಲ್ಲದ ಮನೆಗಳುಂಟು. ಆದರೆ ನಿವೇಶನವಾದೊಡನೆ ಮರ ಹೋಗಲೇಬೇಕೆಂಬುದು ಬಹುಪಾಲು ಮೇಸ್ತ್ರಿಯ ಅನುಕೂಲವೇ ಹೊರತು ಮನೆಯ ಅಗತ್ಯವಲ್ಲ. ಬೆಳೆದ ಮರವೊಂದು ಸಾಮಾನ್ಯವಾಗಿ ಮೂಲೆಯಲ್ಲಿಯೋ ಎಲ್ಲೆಯಲ್ಲಿಯೋ ಇರುತ್ತದೆ. ನಕ್ಷೆಯಲ್ಲಿ ಬಿಡಲೇಬೇಕಾದ ಖಾಲಿ ಜಾಗವನ್ನು ಆ ಕಡೆಗೆ ತಿರುಗಿಸಿದರೆ ಎಷ್ಟೋ ವೇಳೆ ಸಾಕಾಗುತ್ತದೆ. ನಕ್ಷೆ ಬರೆಯುವ ಮೊದಲೇ ಇಂಜಿನಿಯರಿಗೆ ಮರವನ್ನು ತೋರಿಸಬೇಕು. ಪಾಯ ತೋಡಿದ ಮೇಲಲ್ಲ. ಮರಕ್ಕೆ ಆಹಾರ ಎಳೆಯುವ ಬೇರುಗಳು ಹೆಚ್ಚಾಗಿ ಮಣ್ಣಿನ ಮೇಲಿನ ಪದರದಲ್ಲಿಯೇ ಹರಡಿ ಕೊಂಬೆಗಳ ಹರವನ್ನೂ ಮೀರಿ ಹೋಗಿರುತ್ತವೆ. ಬುಡದ ಪಕ್ಕದಲ್ಲಿಯೇ ಪಾಯ ತೋಡಿ ಒಂದು ಕಡೆಯ ಬೇರನ್ನೆಲ್ಲ ಕತ್ತರಿಸಿ, ಉಳಿದ ಕಡೆ ಬೊಡ್ಡೆಗೆ ತಾಗುವಂತೆ ಸಿಮೆಂಟು ಬಳಿದು ‘ಮರ ಉಳಿಸಿದೆವು’ ಎನ್ನುವವರನ್ನು ಕಂಡಿದ್ದೇವೆ. ಅಂಥ ಮರವೇ ಮುಂದಿನ ಬಿರುಗಾಳಿಗೆ ಮನೆಯ ಮೇಲೆ ಬೀಳುವುದು. ಬಳಿಕ ಅಪವಾದ ಮರದ ಮೇಲೆ. ತಲೆಯನ್ನೇ ಬೋಳಿಸುವ ಕಡಿತವೂ ಅಷ್ಟೇ ಕೆಟ್ಟದ್ದು. ಗಾಯದಿಂದ ಕೊಳೆ ಇಳಿಯುತ್ತದೆ, ಹೊಸದಾಗಿ ಬಂದ ರೆಂಬೆಗಳಿಗೆ ಬುಡದ ಹಿಡಿತವಿರುವುದಿಲ್ಲ.

‘ಒಂದು ಕಡಿದರೆ ಹತ್ತು ನೆಡುತ್ತೇವೆ’ ಎಂಬ ಸಮಾಧಾನವನ್ನೂ ಅಳೆದು ನೋಡಬೇಕು. ಅರವತ್ತು ವರ್ಷದ ಹುಣಸೆಯ ಎಲೆಹರವಿನ ಮುಂದೆ ಹತ್ತು ಸಸಿಗಳದು ಒಂದು ರೆಂಬೆಗೂ ಸಮನಲ್ಲ. ಆ ಸಸಿಗಳನ್ನು ಮೂರು ಬೇಸಗೆ ನೀರೆರೆದು ದಾಟಿಸಿದವರನ್ನು ಬೆರಳಿನಲ್ಲಿ ಎಣಿಸಬಹುದು. ಈಗ ಯಂತ್ರದಿಂದ ಮರವನ್ನೇ ಕಿತ್ತು ಬೇರೆಡೆ ನೆಡುವ ಕ್ರಮ ಬಂದಿದೆ. ಆಲ, ಅರಳಿ, ಅತ್ತಿಯ ಜಾತಿಯವು ಅದನ್ನು ತಡೆದುಕೊಳ್ಳುತ್ತವೆ. ಆಳಕ್ಕೆ ಬೇರಿಳಿಸಿದ ಮುದಿ ಹುಣಸೆ, ಮಾವುಗಳ ವಿಷಯದಲ್ಲಿ ಅದನ್ನು ನಂಬಿ ಕೂರುವಂತಿಲ್ಲ.

ನಮ್ಮ ಓದುಗರಿಗೆ ಹೇಳುವುದಾದರೆ: ನಾಲ್ಕು ಮಂದಿ ಗುಂಪಾಗಿ ಹೋಗಬೇಡಿರಿ, ಅದು ಮುತ್ತಿಗೆಯಂತೆ ಕಾಣುತ್ತದೆ. ಆ ಮನೆಯವರಿಗೆ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು, ಗಂಡಸರೊಡನೆ ಮಾತ್ರವಲ್ಲ, ಮನೆಯ ಹೆಂಗಸರೊಡನೆಯೂ ಮಾತಾಡಿರಿ. ಮರ ಕೊಯ್ಯುವವನು ಕೊಡುವುದೆಷ್ಟೆಂದು ಕೇಳಿರಿ. ಆ ಹಣಕ್ಕಾಗಿಯೇ ಕಡಿಯುತ್ತಿದ್ದರೆ ಬೀದಿಯವರು ಕೂಡಿ ಅಷ್ಟನ್ನು ಕೊಡಬಲ್ಲಿರಾ ಎಂಬುದನ್ನು ಮೊದಲೇ ನಿಮ್ಮೊಳಗೆ ತೀರ್ಮಾನಿಸಿಕೊಂಡು ಹೋಗಿರಿ. ಮರ ನಿಜವಾಗಿಯೂ ಒಳಗೆ ಕೊಳೆತಿದ್ದರೆ ಒಪ್ಪಿಕೊಂಡು ಹಿಂದಿರುಗಿರಿ. ಅನುಮತಿಯಿಲ್ಲದೆ ಗರಗಸ ಬರುವ ಸೂಚನೆ ಕಂಡರೆ ಮಾತ್ರ, ಸರ್ವೆ ನಂಬರು, ಮರದ ಹೆಸರು, ಎದೆಯೆತ್ತರದಲ್ಲಿ ಅಳೆದ ಸುತ್ತಳತೆ ಇವನ್ನು ಬರೆದು ಚಿತ್ರದೊಡನೆ ಅರಣ್ಯ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆಯಿರಿ, ಕೊಡುವ ಮುಂಚೆ ಆ ಮನೆಯವರಿಗೆ ಹೇಳಿಯೇ ಕೊಡಿರಿ. ಬೆನ್ನ ಹಿಂದೆ ಕೊಟ್ಟ ಅರ್ಜಿಯನ್ನು ಹಳ್ಳಿಯಲ್ಲಿ ಯಾರೂ ಮರೆಯುವುದಿಲ್ಲ.

ಪಾಲಾಗುತ್ತಿರುವ ಅಣ್ಣತಮ್ಮಂದಿರ ಮುಂದೆ ಇಡಬಹುದಾದ ಇನ್ನೊಂದು ದಾರಿಯಿದೆ. ನಮ್ಮ ಸೀಮೆಯ ಹಳೆಯ ಪಾಲುಪತ್ರಗಳನ್ನು ತೆಗೆದು ನೋಡಿದರೆ, ಹೊಲ, ಮನೆ, ದನದ ಕೊಟ್ಟಿಗೆ ಎಲ್ಲವನ್ನೂ ಹಂಚಿದ ಮೇಲೆ ಬಾವಿಯನ್ನು ಹಂಚದೆ, ಇಬ್ಬರಿಗೂ ಸಮನಾದ ಹಕ್ಕು, ಸರದಿಯಂತೆ ನೀರು, ದುರಸ್ತಿಯ ಖರ್ಚು ಅರ್ಧರ್ಧ ಎಂದು ಬರೆದಿರುತ್ತದೆ. ಬಾವಿಯನ್ನು ಗೋಡೆಯಿಂದ ಸೀಳಲಾಗದೆಂದು ಅವರಿಗೆ ಗೊತ್ತಿತ್ತು. ಎಲ್ಲೆಯಲ್ಲಿ ನಿಂತ ಹುಣಸೆಗೂ ಅದೇ ಮಾತನ್ನು ಬರೆಯಬಹುದು: ಒಂದು ವರ್ಷದ ಫಸಲು ಅಣ್ಣನಿಗೆ, ಒಂದು ವರ್ಷದ್ದು ತಮ್ಮನಿಗೆ, ಒಣಕೊಂಬೆ ತೆಗೆಸುವ ಕೂಲಿ ಇಬ್ಬರದೂ, ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಕಡಿಯಕೂಡದು. ಬರೆಯುವ ವಕೀಲರು ಇದನ್ನು ಕೇಳಿ ನಗಬಹುದು. ನಗಲಿ, ನೋಂದಣಿಯಾಗುವ ಮುನ್ನ ಕರಡಿನಲ್ಲಿ ಬಾವಿಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಲು ಅವರಿಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ.